ಹಿತ್ತಿಲಲ್ಲಿ ಹೂಡಿದ ಒಲೆ

“ಗುರುಗಳೇ, ನನ್ನ ಕೈಯಲ್ಲಿ ಏನೂ ಇಲ್ಲದ ಕೆಲಸವನ್ನು ಮನಸ್ಸು ಕುಗ್ಗದ ಹಾಗೆ ಮಾಡುವುದು ಹೇಗೆ?” ಎಂದು ಬಸವಂತ ಕೇಳಿದ.

ಬಸವಂತ ತಾಲ್ಲೂಕು ಊರಿನಲ್ಲಿ ಮನೆ, ನಿವೇಶನ ಮಾರಿಸಿಕೊಡುವ ದಲ್ಲಾಳಿ. ಚಿಕ್ಕಂದಿನಿಂದ ಮಠಕ್ಕೆ ನಡೆದುಕೊಂಡವನು. ಗುರುಗಳು ಪಡಸಾಲೆಯಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.

“ಬಿಡಿಸಿ ಹೇಳು” ಎಂದರು.

ಬಸವಂತ ಹೇಳಿದ. ಹಳೇಪೇಟೆಯಲ್ಲಿ ಒಂದು ಮನೆ. ಅದರ ಮೇಲೆ ಬ್ಯಾಂಕಿನ ಸಾಲ. ಇವತ್ತಿನ ಬೆಲೆಗೆ ಮಾರಿದರೆ ಸಾಲ ಪೂರ್ತಿ ತೀರುವುದಿಲ್ಲ. ಬಂದಷ್ಟನ್ನು ತೆಗೆದುಕೊಂಡು ಉಳಿದದ್ದನ್ನು ಬಿಟ್ಟುಬಿಡಲು ಬ್ಯಾಂಕು ಒಪ್ಪಿದರೆ ಮಾತ್ರ ವ್ಯಾಪಾರ. ಅರ್ಜಿ ಕೊಟ್ಟು ಕಾದದ್ದಾಯಿತು. ಒಬ್ಬ ಸಾಹೇಬರು ಇನ್ನೇನು ಒಪ್ಪಿದರು ಅನ್ನುವಷ್ಟರಲ್ಲಿ ಅವರಿಗೆ ವರ್ಗವಾಯಿತು. ಹೊಸಬರು ಮತ್ತೆ ಮೊದಲಿನಿಂದ ಶುರು ಮಾಡಿದರು. ಕೊಳ್ಳುವವನು ಬೇರೆ ಮನೆ ನೋಡಿಕೊಳ್ಳುತ್ತೇನೆ ಎಂದು ಗದರುತ್ತಿದ್ದಾನೆ. ವ್ಯಾಪಾರ ಮುರಿದು ಬಿದ್ದರೆ ಇಷ್ಟು ದಿನ ತಿರುಗಿದ್ದಕ್ಕೆ ಪೆಟ್ರೋಲ್ ಖರ್ಚೂ ಹುಟ್ಟುವುದಿಲ್ಲ.

“ಹುರುಪು ತುಂಬುವ ಭಾಷಣಗಳನ್ನು ಫೋನಿನಲ್ಲಿ ಕೇಳಿದ್ದೇನೆ ಗುರುಗಳೇ. ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ‘ನನ್ನಿಂದ ಆಗುತ್ತದೆ, ನನ್ನಿಂದ ಆಗುತ್ತದೆ’ ಅಂತ ಹೇಳಿಕೊಂಡಿದ್ದೇನೆ.”

“ಕನ್ನಡಿ ಏನಂತು?”

ಬಸವಂತ ತಲೆ ತಗ್ಗಿಸಿದ. “ಇವತ್ತಿಗೆ ಕೈಬಿಡೋಣ ಅಂತಿದ್ದೇನೆ. ಒಂದು ಫೋನ್ ಮಾಡಿದರೆ ಮುಗಿಯಿತು.”

ಅಷ್ಟರಲ್ಲಿ ಅವನ ಮುಂದೆ ಇದ್ದ ಫೋನೇ ಗುರ್ ಎಂದು ಅಲುಗಿತು. ‘ಹಳೇಪೇಟೆ ಮನೆ’ ಎಂದು ತೋರಿಸಿತು. ಬಸವಂತ ಅದನ್ನು ಬೋರಲು ಹಾಕಿದ. ಗುರುಗಳು ನೋಡಿದರು. ಒಂದು ಹಿಡಿ ಶೇಂಗಾ ತೆಗೆದು ಅವನ ಮುಂದೆ ಸುರಿದರು.

“ಸುಲಿ. ಕೈಗೆ ಕೆಲಸವಿದ್ದರೆ ಬಾಯಿ ಸುಮ್ಮನಿರುತ್ತದೆ. ಒಂದು ಕತೆ ಇದೆ.”

ಗುರುಗಳು ಹೇಳತೊಡಗಿದರು.

ಒಂದು ಪೇಟೆಯಲ್ಲಿ ಒಬ್ಬ ದಲ್ಲಾಳಿ ಇದ್ದ. ಮೊದಲು ದನದ ಸಂತೆಯಲ್ಲಿ ಎತ್ತು, ಹಸು ಮಾರಿಸುತ್ತಿದ್ದ. ಅವನ ಮಾತು ಚೆನ್ನಾಗಿತ್ತು. ಕೈ ಇನ್ನೂ ಚೆನ್ನಾಗಿತ್ತು. ಕೈ ಅಂದರೆ ಗೊತ್ತಲ್ಲ? ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಹೆಗಲ ಮೇಲಿನ ಟವೆಲು ತೆಗೆದು ಇಬ್ಬರ ಕೈ ಮುಚ್ಚುತ್ತಾರೆ. ಒಳಗೆ ಬೆರಳು ಹಿಡಿದು, ಬೆರಳು ಒತ್ತಿ ಬೆಲೆ ಕುದುರಿಸುತ್ತಾರೆ. ಸುತ್ತ ನೂರು ಜನ ಬಾಯಿ ಬಿಟ್ಟುಕೊಂಡು ನಿಂತಿದ್ದರೂ ಬೆಲೆ ಗೊತ್ತಾಗುವುದು ಆ ಎರಡು ಕೈಗಳಿಗೆ ಮಾತ್ರ.

ದಲ್ಲಾಳಿ ನಾಲ್ಕು ಕಾಸು ಕಂಡ. ದನ ಬಿಟ್ಟು ಮನೆ ಮಾರಿಸುವ ಕೆಲಸಕ್ಕೆ ಇಳಿದ. ಮನೆ ದಲ್ಲಾಳಿಯ ಮೈಯಿಂದ ಸಗಣಿ ವಾಸನೆ ಬರಬಾರದಲ್ಲ! ಒಂದು ಕರಿ ಕೋಟು ಹೊಲಿಸಿದ. ಟವೆಲನ್ನು ಮಡಿಸಿ ಪೆಟ್ಟಿಗೆಯ ತಳಕ್ಕೆ ಹಾಕಿದ. ಯಾರಾದರೂ ‘ಏನಯ್ಯಾ ದನದ ದಲ್ಲಾಳಿ’ ಎಂದರೆ ಉರಿದು ಬೀಳುತ್ತಿದ್ದ.

ಅದೇ ಪೇಟೆಯಲ್ಲಿ ಒಬ್ಬ ಕಂಚುಗಾರ ಇದ್ದ. ಒಂದು ದೊಡ್ಡ ಗಂಟೆ ಎರಕ ಹೊಯ್ಯಲು ಒಪ್ಪಿಕೊಂಡ. ಕಂಚು ತರಲು ಮನೆಯನ್ನು ಸಾಹುಕಾರನಲ್ಲಿ ಅಡವಿಟ್ಟು ಸಾಲ ಎತ್ತಿದ. ಗಂಟೆ ಆರುವಾಗ ಸೀಳು ಬಿಟ್ಟಿತು. ಗಂಟೆ ಮಾಡಲು ಹೇಳಿದ್ದವರು ಅದನ್ನು ತೆಗೆದುಕೊಳ್ಳಲಿಲ್ಲ. ಬಡ್ಡಿ ಬೆಳೆಯಿತು. ಅದೇ ಹೊತ್ತಿಗೆ ಸಂತೆ ಬೇರೆ ಬೀದಿಗೆ ಹೋಯಿತು. ಕಂಚುಗಾರನ ಬೀದಿಯ ಮನೆಗಳನ್ನು ಕೇಳುವವರಿಲ್ಲದಾಯಿತು. ಈಗ ಮನೆ ಮಾರಿದರೂ ಸಾಲ ತೀರದು.

ಸಾಹುಕಾರ ಗಡುವು ಕೊಟ್ಟ. ಜ್ಯೇಷ್ಠದ ಅಮಾವಾಸ್ಯೆ ಕಳೆದರೆ ಮನೆಗೆ ಬೀಗ ಜಡಿಯುತ್ತೇನೆ, ಆಮೇಲೂ ಉಳಿಯುವ ಸಾಲಕ್ಕೆ ನಿನ್ನ ಸಾಮಾನು ಎತ್ತುತ್ತೇನೆ ಎಂದ. ಸಾಮಾನು ಎಂದರೆ ಬೆಂಕಿ ಊದುವ ತಿದಿ, ಕಂಚು ಕರಗಿಸುವ ಮೂಸೆ, ಇಕ್ಕಳ, ಸುತ್ತಿಗೆ. ಮನೆ ಹೋದರೆ ಕಂಚುಗಾರ ಯಾವುದೋ ಊರಿನ ಯಾವುದೋ ಮರದ ಕೆಳಗೆ ಕುಳಿತು ದುಡಿದು ತಿನ್ನುತ್ತಾನೆ. ಇಕ್ಕಳ ಹೋದರೆ ಅವನು ಕಂಚುಗಾರನೇ ಅಲ್ಲ. ಗಂಡ ಹೆಂಡತಿ ಇಬ್ಬರಿಗೂ ಮನೆಯ ಆಸೆ ಬಿಟ್ಟುಹೋಗಿತ್ತು. ಸಾಮಾನು ಉಳಿದರೆ ಸಾಕು ಎಂದು ಜೀವ ಹಿಡಿದುಕೊಂಡಿದ್ದರು.

ಯುಗಾದಿಗೆ ಮುಂಚೆ ಅವರು ದಲ್ಲಾಳಿಯನ್ನು ಕರೆಸಿದರು. ಆ ಪೇಟೆಯ ದಲ್ಲಾಳಿಗಳಲ್ಲಿ ಒಂದು ರಿವಾಜು ಇತ್ತು. ಕೆಲಸ ಒಪ್ಪಿಕೊಳ್ಳುವವನು ಮನೆಯವರ ಕೈಯಿಂದ ವೀಳ್ಯ ಹಿಡಿಯಬೇಕು. ಎಲೆಯನ್ನು ಅಲ್ಲೇ ಅಗಿಯಬೇಕು. ಅಡಿಕೆಯನ್ನು ಸೊಂಟದ ಸಂಚಿಯಲ್ಲಿ ಇಟ್ಟುಕೊಳ್ಳಬೇಕು. ಕೆಲಸ ಮುಗಿದ ದಿನ ಆ ಅಡಿಕೆ ತಿನ್ನಬೇಕು. ಕೈಬಿಡುವುದಾದರೆ ಅದೇ ಮನೆಗೆ ಹೋಗಿ, ಕೊಟ್ಟ ಕೈಯಲ್ಲೇ ಅದನ್ನು ಹಿಂದಕ್ಕೆ ಇಡಬೇಕು. ಯಾರ ಕೈಯಲ್ಲೋ ಹೇಳಿ ಕಳಿಸಿ ಜಾರಿಕೊಳ್ಳುವಂತಿಲ್ಲ. ಆಗ ಫೋನು ಇರಲಿಲ್ಲ ನೋಡು.

ಕಂಚುಗಾರನ ಹೆಂಡತಿ ವೀಳ್ಯ ಕೊಟ್ಟಳು. ದಲ್ಲಾಳಿ ಮನೆಯೊಳಗೆ ಒಂದು ಸುತ್ತು ಹಾಕಿದ. “ಗೋಡೆಯೆಲ್ಲ ಮಸಿ. ಸುಣ್ಣ ಬಳಿಯಿರಿ. ಬಳಿದ ಮೇಲೆ ಮತ್ತೆ ಮಸಿ ಹಿಡಿಸಬೇಡಿ” ಎಂದು ಹೇಳಿ ಹೊರಟ. ಹೇಳಿದ್ದನ್ನು ಬೀದಿಯ ತಿರುವಿನಲ್ಲೇ ಮರೆತ.

ಅಂದಿನಿಂದ ಸಾಹುಕಾರನ ಜಗಲಿಗೆ ತಿರುಗಾಟ ಶುರುವಾಯಿತು. ಆ ಜಗಲಿಯಲ್ಲಿ ಯಾವಾಗಲೂ ಸಾಲಗಾರರು ಸಾಲಾಗಿ ಕುಳಿತಿರುತ್ತಿದ್ದರು. ದಲ್ಲಾಳಿ ಕೋಟಿನ ಗುಂಡಿ ಹಾಕಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಗಟ್ಟಿ ದನಿಯಲ್ಲಿ ವಾದ ಹೂಡುತ್ತಿದ್ದ. ಕೊಳ್ಳುವವನು ಕೊಟ್ಟಷ್ಟನ್ನು ತೆಗೆದುಕೊಳ್ಳಿ, ಉಳಿದದ್ದು ಮಾಫಿ ಮಾಡಿ ಎಂದ. ಕಣ್ಣೀರು ಹಾಕಿಸಿ ಹೊರಗೆ ದಬ್ಬಿದವರ ಮನೆಯನ್ನು ಈ ಊರಿನಲ್ಲಿ ಯಾರೂ ಕೊಳ್ಳುವುದಿಲ್ಲ, ಬೀಗ ಜಡಿದರೆ ನಿಮಗೆ ಉಳಿಯುವುದು ಇಲಿ ಹೆಗ್ಗಣ ಎಂದ. ಸಾಹುಕಾರ ದಡ್ಡನಲ್ಲ. ಅದೆಲ್ಲ ಅವನಿಗೂ ಗೊತ್ತಿತ್ತು. ಆದರೂ ಪ್ರತಿ ಸಲ ಒಂದೇ ಮಾತು ಹೇಳುತ್ತಿದ್ದ.

“ಒಬ್ಬನಿಗೆ ಬಿಟ್ಟರೆ ನಾಳೆ ಊರಿಗೆ ಊರೇ ನನ್ನ ಜಗಲಿಯಲ್ಲಿ ಬಂದು ಕೂರುತ್ತದೆ. ಎದ್ದು ಹೋಗಯ್ಯಾ.”

ಉತ್ತರ ಆ ಮಾತಿನಲ್ಲೇ ಇತ್ತು. ದಲ್ಲಾಳಿಯ ಕಿವಿಗೆ ಬಿದ್ದದ್ದು ‘ಎದ್ದು ಹೋಗಯ್ಯಾ’ ಅನ್ನುವುದು ಮಾತ್ರ.

ಮೊದಲು ಬಂದ ಗಿರಾಕಿ ಕಾದು ಬೇಸತ್ತು ಬೇರೆ ಮನೆ ಹಿಡಿದ. ಇನ್ನೊಬ್ಬ, ಪರವೂರಿನ ಬೆಲ್ಲದ ವ್ಯಾಪಾರಿ, ಬಂದ. ಅವನಿಗೂ ಅದೇ ಕಾಯುವಿಕೆ. ದಲ್ಲಾಳಿ ಹುರುಪು ಉಳಿಸಿಕೊಳ್ಳಲು ಒಂದು ಉಪಾಯ ಮಾಡಿಕೊಂಡಿದ್ದ. ಬರುವ ದಲ್ಲಾಳಿ ಹಣದಲ್ಲಿ ಹೆಂಡತಿಯ ಸೊಂಟಕ್ಕೆ ಬೆಳ್ಳಿ ಡಾಬು ಮಾಡಿಸಿದ ಹಾಗೆ ಮನಸ್ಸಿನಲ್ಲೇ ನೋಡಿಕೊಳ್ಳುವುದು. ಯುಗಾದಿಯಲ್ಲಿ ಡಾಬು ಇತ್ತು. ಬಿಸಿಲು ಏರಿದ ಹಾಗೆ ಅದು ಕಾಲ್ಗಡಗವಾಯಿತು. ಆಮೇಲೆ ಕಾಲುಂಗುರ. ಮುಂಗಾರು ಶುರುವಾಗುವ ಹೊತ್ತಿಗೆ ಮನಸ್ಸಿನೊಳಗೂ ಅವನ ಹೆಂಡತಿ ಬರಿಗಾಲಲ್ಲಿ ಓಡಾಡುತ್ತಿದ್ದಳು. ನಗಬೇಡ. ದುಡ್ಡಿನ ಆಸೆ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಈ ಶೇಂಗಾ ಕೂಡ ದುಡ್ಡಿಗೇ ಬಂದದ್ದು.

ಅಮಾವಾಸ್ಯೆಯ ಹಿಂದಿನ ದಿನ ಬಂತು. ಅಮಾವಾಸ್ಯೆಯ ದಿನ ಆ ಪೇಟೆಯಲ್ಲಿ ಯಾರೂ ವ್ಯವಹಾರ ಮಾಡರು. ಅದರ ಮಾರನೆಯ ದಿನ ಆಷಾಢ ಹುಟ್ಟುತ್ತದೆ. ಆಷಾಢದಲ್ಲಿ ಯಾರೂ ಮನೆ ಹಿಡಿಯರು. ಬೆಲ್ಲದ ವ್ಯಾಪಾರಿ ಗಾಡಿ ಹೂಡಿಸಲು ಹೇಳಿದ್ದ. “ಇವತ್ತು ದೀಪ ಹಚ್ಚುವ ಹೊತ್ತಿನವರೆಗೆ ನೋಡುತ್ತೇನೆ. ಆಮೇಲೆ ನನ್ನ ದಾರಿ ನನಗೆ” ಎಂದಿದ್ದ. ದೀಪ ಹಚ್ಚಿದ ಮೇಲೆ ಸಾಹುಕಾರನ ಮನೆಯಲ್ಲೂ ಹಣ ಒಳಗೆ ಬರುವುದಿಲ್ಲ, ಹೊರಗೆ ಹೋಗುವುದಿಲ್ಲ.

ಬೆಳಿಗ್ಗೆ ದಲ್ಲಾಳಿ ಜಗಲಿಗೆ ಹೋದ. ಸಾಹುಕಾರ ಅವನ ಮುಖ ಕಂಡವನೇ, “ಅಯ್ಯೋ, ಮತ್ತೆ ಬಂತಪ್ಪ ಕೋಟು” ಎಂದ. ಸಾಲಗಾರರೆಲ್ಲ ಗೊಳ್ಳೆಂದು ನಕ್ಕರು. ನಾಳೆ ತಮ್ಮ ಮನೆಗೂ ಇದೇ ಗತಿ ಬರಬಹುದಾದವರು ಕೂಡ ನಕ್ಕರು.

ಅಲ್ಲಿಗೆ ದಲ್ಲಾಳಿಯ ಮನಸ್ಸು ಮುರಿಯಿತು. ಸಾಕಪ್ಪಾ ಸಾಕು ಅಂದುಕೊಂಡ. ಸಂಚಿಯಿಂದ ಅಡಿಕೆ ತೆಗೆದು ಮುಷ್ಟಿಯಲ್ಲಿ ಹಿಡಿದ. ಹಿಂದಕ್ಕೆ ಕೊಟ್ಟು ಬರೋಣ ಎಂದು ಕಂಚುಗಾರನ ಮನೆಯ ಕಡೆ ನಡೆದ. ಆಡಬೇಕಾದ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡ. ನಾನು ಮಾಡುವುದನ್ನೆಲ್ಲ ಮಾಡಿದೆ ತಾಯಿ, ನನ್ನ ಕೈಯಲ್ಲಿ ಏನೂ ಇಲ್ಲ. ತುಂತುರು ಮಳೆ ಹಿಡಿಯಿತು. ಕೋಟು ತೊಯ್ದು ತೊಪ್ಪೆಯಾಯಿತು.

ಮುಂಬಾಗಿಲು ತೆರೆದಿತ್ತು. ಕರೆದ. ಯಾರೂ ಓಗೊಡಲಿಲ್ಲ. ಒಳಗೆ ಕಾಲಿಟ್ಟ. ನೆಲ ಸಾರಿಸಿತ್ತು. ಗೋಡೆಗಳು ಬೆಳ್ಳಗಿದ್ದವು. ಅಡುಗೆಮನೆಯ ಒಲೆಯಲ್ಲಿ ಬೂದಿ ಇರಲಿಲ್ಲ. ಒಲೆಯ ಮೇಲೆ ಎಳೆ ಎಳೆಯಾಗಿ ರಂಗೋಲಿ ಇತ್ತು. ಈ ಒಲೆ ಹಚ್ಚಿ ಎಷ್ಟು ಕಾಲವಾಯಿತೋ ಎಂದು ದಲ್ಲಾಳಿಗೆ ಗಾಬರಿಯಾಯಿತು. ಇವರು ಊಟವನ್ನೇ ಬಿಟ್ಟರೇ? ಹಿತ್ತಿಲ ಬಾಗಿಲಿಗೆ ಓಡಿದ.

ಹಿತ್ತಿಲಲ್ಲಿ ಮೂರು ಕಲ್ಲು ಹೂಡಿತ್ತು. ಕಂಚುಗಾರನ ಹೆಂಡತಿ ಒಂದು ಕೈಯಲ್ಲಿ ಬೆಂಕಿಯ ಮೇಲೆ ಮೊರ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಹಸಿ ಸೌದೆ ಒಟ್ಟುತ್ತಾ ಅಂಬಲಿ ಕಾಸುತ್ತಿದ್ದಳು. ಹೊಗೆಗೆ ಅವಳ ಕಣ್ಣು ಕೆಂಡದ ಹಾಗೆ ಆಗಿತ್ತು. ದಲ್ಲಾಳಿಯನ್ನು ಕಂಡು ಸಂಭ್ರಮದಿಂದ ಎದ್ದಳು.

“ಬನ್ನಿ ಅಣ್ಣಾ. ಅವರು ಬೀದಿಯಲ್ಲಿ ತೂತು ಪಾತ್ರೆ ಇದ್ದರೆ ಬೆಸೆದು ಬರುತ್ತೇನೆ ಅಂತ ಹೋದರು. ಅಯ್ಯೋ, ಪೂರಾ ನೆನೆದುಬಿಟ್ಟಿದ್ದೀರಿ.”

“ಇದೇನಮ್ಮ, ಮಳೆಯಲ್ಲಿ ಹೊರಗೆ ಅಡುಗೆ?”

“ನೀವೇ ಹೇಳಿದ್ದಿರಲ್ಲ, ಸುಣ್ಣ ಬಳಿದ ಮೇಲೆ ಮಸಿ ಹಿಡಿಸಬೇಡಿ ಅಂತ. ಯುಗಾದಿಯಿಂದ ಒಳಗೆ ಒಲೆ ಹಚ್ಚಿಲ್ಲ. ನೀವು ನಮಗಾಗಿ ಅಷ್ಟು ತಿರುಗುತ್ತೀರಿ ಅಣ್ಣಾ. ನೀವು ಯಾವ ಹೊತ್ತಿನಲ್ಲಿ ಯಾರನ್ನು ಕರೆದುಕೊಂಡು ಬಂದರೂ ಮನೆ ನಿಮ್ಮ ಮಾತಿನ ಹಾಗೆ ಇರಬೇಕಲ್ಲ.”

ಅವಳು ಒಳಗೆ ಹೋಗಿ ಗಂಡನ ಹಳೆಯ ಟವೆಲು ತಂದು ಕೊಟ್ಟಳು. ತಲೆ ಒರೆಸಿಕೊಳ್ಳಿ ಎಂದಳು. ದಲ್ಲಾಳಿ ಒರೆಸಿಕೊಂಡ. ಇನ್ನೊಂದು ಮುಷ್ಟಿಯಲ್ಲಿ ಅಡಿಕೆ ಇತ್ತು. ಆ ಮುಷ್ಟಿಯನ್ನು ಬಿಚ್ಚಲು ಅವನಿಗೆ ಆಗಲಿಲ್ಲ. ನಾಚಿಕೆಯಾಯಿತು. ಇಷ್ಟು ದಿನ ತಾನೊಬ್ಬನೇ ಕಷ್ಟಪಡುತ್ತಿದ್ದೇನೆ ಅಂದುಕೊಂಡಿದ್ದ. ಆಡಿ ಮರೆತ ಒಂದು ಮಾತಿಗೆ ಈ ಹೆಣ್ಣುಮಗಳು ವೈಶಾಖದ ಬಿಸಿಲಿನಲ್ಲಿ, ಜ್ಯೇಷ್ಠದ ಮಳೆಯಲ್ಲಿ, ಬೇರೆಯವರು ಬಂದು ಇರುವ ಮನೆಗಾಗಿ ಹೊಗೆ ಕುಡಿದಿದ್ದಳು. ಅವನು ಒಂದು ಸಲವೂ ಹಿತ್ತಿಲಿಗೆ ಬಂದು ನೋಡಿರಲಿಲ್ಲ.

“ಅಂಬಲಿ ಉಕ್ಕುತ್ತಿದೆ ನೋಡಮ್ಮ” ಎಂದಷ್ಟೇ ಹೇಳಿದ. ಅಡಿಕೆಯನ್ನು ಮತ್ತೆ ಸಂಚಿಗೆ ಹಾಕಿ, ದಡದಡ ಹೊರಟ. ಟವೆಲು ಹೆಗಲ ಮೇಲೇ ಉಳಿಯಿತು.

ಸಾಹುಕಾರನಿಗೆ ಏನು ಹೇಳಬೇಕು ಅನ್ನುವುದು ಅವನಿಗೆ ಇನ್ನೂ ಹೊಳೆದಿರಲಿಲ್ಲ. ಮೊದಲು ಬೆಲ್ಲದ ವ್ಯಾಪಾರಿಯ ಬಿಡಾರಕ್ಕೆ ಹೋದ. ವ್ಯಾಪಾರಿ ಮೂಟೆ ಕಟ್ಟಿಸುತ್ತಿದ್ದ. ಇವನನ್ನು ಕಂಡು ಮುಖ ತಿರುಗಿಸಿದ. ದಲ್ಲಾಳಿ ಅವನ ಎತ್ತಿನ ಹಗ್ಗವನ್ನೇ ಹಿಡಿದು ನಿಂತ. ಹೊಗಳಲಿಲ್ಲ, ಹೆದರಿಸಲಿಲ್ಲ. ನಡೆಯಿರಿ, ಸಾಹುಕಾರನ ಬೀದಿಯ ತುದಿಯಲ್ಲಿ ಗಾಡಿ ನಿಲ್ಲಿಸಿ, ದೀಪ ಹಚ್ಚಿದ್ದು ಕಂಡರೆ ಎತ್ತು ಹೊಡೆದುಕೊಂಡು ಹೋಗಿ ಎಂದ. ವ್ಯಾಪಾರಿ ಗೊಣಗಿದ. ಮಧ್ಯಾಹ್ನ ಹೀಗೇ ಕಳೆಯಿತು. ಕೊನೆಗೆ ಬಂದ.

ಹೊತ್ತು ಇಳಿಯುತ್ತಿತ್ತು. ದಲ್ಲಾಳಿ ಗಾಡಿಯ ಮುಂದೆ ಮುಂದೆ ನಡೆಯುತ್ತಿದ್ದ. ದಾರಿಯಲ್ಲಿ ಸಂತೆಯ ಹಳೆಯ ಗೆಳೆಯನೊಬ್ಬ ಎದುರಾದ.

“ಓಹೋ, ದನದ ದಲ್ಲಾಳಿ! ಕೋಟಿನ ಮೇಲೆ ಮತ್ತೆ ಟವೆಲು ಬಂತೇನಯ್ಯಾ?”

ದಲ್ಲಾಳಿಗೆ ಅವತ್ತು ಸಿಟ್ಟು ಬರಲಿಲ್ಲ. ನಿಂತ. ಹೆಗಲು ಮುಟ್ಟಿ ನೋಡಿಕೊಂಡ. ಆಗ ಸಾಹುಕಾರನ ಮಾತು ಮೊದಲ ಸಲ ಪೂರ್ತಿ ಕೇಳಿಸಿತು. ಒಬ್ಬನಿಗೆ ಬಿಟ್ಟರೆ ಊರಿಗೆ ಊರೇ ಬಂದು ಕೂರುತ್ತದೆ. ಅಂದರೆ ಆ ಮನುಷ್ಯನಿಗೆ ಬಿಡುವುದಕ್ಕೆ ಕಷ್ಟವಿಲ್ಲ. ಬಿಟ್ಟದ್ದು ಊರಿಗೆ ಗೊತ್ತಾಗುವುದೇ ಕಷ್ಟ. ಅಯ್ಯೋ ಮಂಕೇ, ಇಷ್ಟು ದಿನ ಆ ಜಗಲಿಯಲ್ಲಿ, ಅಷ್ಟು ಜನರ ಮುಂದೆ, ಗಂಟಲು ಹರಿದುಕೊಂಡು ಕೇಳಿದೆಯಲ್ಲ! ಅವನು ಹೂಂ ಅನ್ನಲು ಜಾಗ ಎಲ್ಲಿ ಬಿಟ್ಟೆ?

ಓಡಿದ. ಬೀದಿಯ ತುದಿಯಲ್ಲಿ ಗಾಡಿ ನಿಂತಿತು. ಜಗಲಿಯಲ್ಲಿ ಸಾಲಗಾರರು ಹಾಗೇ ಕುಳಿತಿದ್ದರು. ಒಳಗೆ ಸಾಹುಕಾರನ ಸೊಸೆ ದೀಪಕ್ಕೆ ಎಣ್ಣೆ ಹೊಯ್ಯುವುದು ಕಾಣುತ್ತಿತ್ತು. ಸಾಹುಕಾರ ತಲೆ ಎತ್ತಿ, “ಮತ್ತೆ ಬಂದೆಯಾ?” ಎಂದ.

ದಲ್ಲಾಳಿ ಮಾತಾಡಲಿಲ್ಲ. ಕೋಟು ಬಿಚ್ಚಿ ಕಂಬಕ್ಕೆ ನೇತು ಹಾಕಿದ. ಸಾಹುಕಾರನ ಮುಂದೆ ಕುಕ್ಕರಗಾಲಲ್ಲಿ ಕುಳಿತ. ಕೈ ಚಾಚಿ, ಮೇಲೆ ಟವೆಲು ಹಾಕಿದ.

ಮನೆಯ ವ್ಯಾಪಾರವನ್ನು ಟವೆಲಿನ ಕೆಳಗೆ ಮಾಡಿದ್ದನ್ನು ಆ ಪೇಟೆಯಲ್ಲಿ ಯಾರೂ ಕಂಡಿರಲಿಲ್ಲ. ಸಾಹುಕಾರ ಟವೆಲನ್ನು ನೋಡಿದ. ದಲ್ಲಾಳಿಯನ್ನು ನೋಡಿದ. ಸಾಲಾಗಿ ಕುಳಿತವರನ್ನು ಒಮ್ಮೆ ನೋಡಿದ. ಆಮೇಲೆ ನಿಧಾನವಾಗಿ ತನ್ನ ಕೈಯನ್ನು ಒಳಗೆ ಹಾಕಿದ.

ದಲ್ಲಾಳಿ ಬೆರಳು ಹಿಡಿದು ಬೆಲ್ಲದ ವ್ಯಾಪಾರಿಯ ಬೆಲೆ ಹೇಳಿದ. ಸಾಹುಕಾರ ಕೊಸರಿದ. ಇನ್ನೊಂದು ಬೆರಳು ಒತ್ತಿದ. ದಲ್ಲಾಳಿ ಅದನ್ನು ಮಡಿಸಿ, ಮೊದಲಿನ ಬೆರಳುಗಳನ್ನೇ ಹಿಡಿದ. ಸಾಹುಕಾರ ಮತ್ತೆ ಒತ್ತಿದ. ಈ ಸಲ ನೋವಾಗುವ ಹಾಗೆ ಒತ್ತಿದ. ಇದಕ್ಕಿಂತ ಹೆಚ್ಚಿಗೆ ವ್ಯಾಪಾರಿ ಕೊಡುವುದಿಲ್ಲ. ಬೀದಿಯ ತುದಿಯಿಂದ ಎತ್ತಿನ ಗಂಟೆ ಕೇಳಿಸಿತು. ಎತ್ತು ನಿಂತಲ್ಲೇ ತಲೆ ಕೊಡವಿತೋ, ಗಾಡಿಯೇ ಹೊರಟಿತೋ ಅವನಿಗೆ ತಿಳಿಯಲಿಲ್ಲ. ತಿರುಗಿ ನೋಡುವಂತಿಲ್ಲ. ಟವೆಲಿನಿಂದ ಹೊಗೆಯ ವಾಸನೆ ಬರುತ್ತಿತ್ತು. ಅವನು ಹಿಡಿತ ಸಡಿಲಿಸಲಿಲ್ಲ.

ಸೊಸೆ ದೀಪ ತಂದು ಹೊಸಿಲ ಬಳಿ ಇಟ್ಟಳು. ಕೈಯಲ್ಲಿ ಬೆಂಕಿಕಡ್ಡಿ ಇತ್ತು.

“ಮಾವ, ದೀಪ ಹಚ್ಚಲೇ?”

ಸಾಹುಕಾರ ಟವೆಲಿನಿಂದ ಕಣ್ಣು ಎತ್ತಲಿಲ್ಲ. ಸೊಸೆ ಕಡ್ಡಿಯನ್ನು ಬೆಂಕಿಪೊಟ್ಟಣಕ್ಕೆ ತಾಗಿಸಿದಳು.

“ತಡಿಯಮ್ಮ. ಒಂದು ಗಳಿಗೆ ತಡಿ” ಎಂದ ಸಾಹುಕಾರ.

ಟವೆಲಿನ ಕೆಳಗೆ ಒತ್ತುತ್ತಿದ್ದ ಬೆರಳು ತಾನಾಗಿ ಮಡಿಸಿಕೊಂಡಿತು.

ಗಾಡಿ ಹೊರಟಿರಲಿಲ್ಲ. ವ್ಯಾಪಾರಿ ಬಂದು ಹಣದ ಗಂಟನ್ನು ಸಾಹುಕಾರನ ಮುಂದಿಟ್ಟ. ಸಾಹುಕಾರ ಅದನ್ನು ಒಳಗೆ ಒಯ್ದು ಎಣಿಸಿಕೊಂಡ. ಕಂಚುಗಾರನ ಅಡವು ಪತ್ರ ತಂದು ದಲ್ಲಾಳಿಯ ಕೈಗೆ ಕೊಟ್ಟ. “ಕಂಚುಗಾರನ ಲೆಕ್ಕ ಚುಕ್ತಾ” ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಎಷ್ಟಕ್ಕೆ ಎಂದು ಸಾಲಗಾರನೊಬ್ಬ ಬಾಯಿ ಹಾಕಿದ. “ಟವೆಲಿನ ವ್ಯಾಪಾರವನ್ನು ಎಷ್ಟಕ್ಕೆ ಅಂತ ಕೇಳುತ್ತಾರೇನೋ ಬೆಪ್ಪೇ?” ಎಂದು ಸಾಹುಕಾರ ಗದರಿಸಿದ. ಆಮೇಲೆ ಸೊಸೆ ದೀಪ ಹಚ್ಚಿದಳು.

ಅಮಾವಾಸ್ಯೆ ಎಂದೂ ನೋಡದೆ ಕಂಚುಗಾರ ಮರುದಿನವೇ ಮನೆ ಖಾಲಿ ಮಾಡಿದ. ತಿದಿ, ಮೂಸೆ, ಇಕ್ಕಳ, ಸುತ್ತಿಗೆ ಎಲ್ಲ ಗಾಡಿ ಏರಿದವು. ಅವನ ಹೆಂಡತಿ ಹೊರಡುವವರೆಗೂ ಒಳಗೆ ಒಲೆ ಹಚ್ಚಲಿಲ್ಲ. ಹಿತ್ತಿಲಿನ ಮೂರು ಕಲ್ಲುಗಳನ್ನು ಮಾತ್ರ ಗಾಡಿಗೆ ಹಾಕಿಸಿಕೊಂಡಳು. ದಲ್ಲಾಳಿ ಟವೆಲು ಹಿಂದಕ್ಕೆ ಕೊಡಲು ಹೋದ. “ನಿಮ್ಮ ಹತ್ತಿರವೇ ಇರಲಿ ಅಣ್ಣಾ” ಎಂದಳು. ಗಾಡಿ ಕಣ್ಮರೆಯಾದ ಮೇಲೆ ಅವನು ಸಂಚಿಯ ಅಡಿಕೆ ತೆಗೆದು ಬಾಯಿಗೆ ಹಾಕಿಕೊಂಡ. ಯುಗಾದಿಗೂ ಮುಂಚಿನ ಅಡಿಕೆ ಅದು. ಕಲ್ಲಾಗಿತ್ತು. ಹಲ್ಲು ಜುಮ್ಮೆಂದಿತು. ಆದರೂ ಉಗುಳಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಸಿಪ್ಪೆಯನ್ನು ಒಂದು ಕಡೆ ಸರಿಸಿದರು. ಬಸವಂತನ ಮುಂದಿನ ಶೇಂಗಾ ಇಟ್ಟ ಹಾಗೇ ಇತ್ತು. ಅವನ ಮುಖದಲ್ಲಿ ಕಳೆ ಬಂದಿತ್ತು.

“ತಿಳಿಯಿತು ಗುರುಗಳೇ. ಹೊಸ ಸಾಹೇಬರಿಗೆ ಒಪ್ಪಿಕೊಳ್ಳಲು ಯಾವುದೋ ಒಂದು ಅಂಜಿಕೆ ಇದೆ. ಅದೇನು ಅಂತ ನಾನು ಕೇಳಿಯೇ ಇಲ್ಲ. ಅವರ ಮರ್ಯಾದೆ ಉಳಿಯುವ ದಾರಿ ನಾನೇ ತೋರಿಸಬೇಕು. ಅಂಥ ಒಂದು ಟವೆಲು ಹುಡುಕಬೇಕು. ಅಷ್ಟೇ ಅಲ್ಲವೇ?”

“ಟವೆಲು ಆಮೇಲೆ ಸಿಗುತ್ತದೆ” ಎಂದರು ಗುರುಗಳು. “ಅದು ಅವನಿಗೆ ಎಲ್ಲಿ ಸಿಕ್ಕಿತು ಅನ್ನುವುದನ್ನು ನೀನು ಬಿಟ್ಟೆ.”

ಬೋರಲು ಬಿದ್ದಿದ್ದ ಫೋನು ಮತ್ತೆ ಗುರ್ ಎಂದಿತು. ಗುರುಗಳು ಕೈ ಚಾಚಿ ಅದನ್ನು ಮಗುಚಿದರು. ‘ಹಳೇಪೇಟೆ ಮನೆ’ ಎಂದು ಇಬ್ಬರಿಗೂ ಕಾಣಿಸಿತು.

“ಮನೆ ಫೋನ್ ಮಾಡುವುದಿಲ್ಲ ಬಸವಂತ, ಅಲ್ಲಿ ಒಲೆ ಹಚ್ಚುವವಳ ಹೆಸರೇನು?”